ಸಿಸ್ಟರಜ್ಜಿಯ ಕೊನೆಯ ಚಾರ್ಜ್

ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಎದ್ದು ಹೊರಗೆ ಹೋಗುವಂತಿರಲಿಲ್ಲ. ಚಾರ್ಜ್ ಕೊಟ್ಟೇ ಹೋಗಬೇಕು. ಚಾರ್ಜ್ ಅಂದರೆ ಈಗಿನ ಮಕ್ಕಳಿಗೆ ಮೊಬೈಲು ನೆನಪಾಗುತ್ತದೆ. ನಮ್ಮಜ್ಜಿಗೆ ಅದು ಆಸ್ಪತ್ರೆಯ ಮಾತು. ಒಬ್ಬ ನರ್ಸ್ ಪಾಳಿ ಮುಗಿಸಿ ಹೊರಡುವಾಗ, ಬಂದವಳನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದುಕೊಂಡು ಹೋಗಿ, ಇವರಿಗೆ ಹೀಗೆ, ಅವರಿಗೆ ಹಾಗೆ ಎಂದು ಬಾಯಾರೆ ಹೇಳಿ ವಾರ್ಡನ್ನು ಅವಳಿಗೆ ಒಪ್ಪಿಸುವುದು. ಎಲ್ಲ ಮುಗಿದ ಮೇಲೆ ಹೊರಡುವವಳು "ನಿಂದಾ?" ಎಂದು ಕೇಳುತ್ತಾಳೆ. ಬಂದವಳು "ನಂದು" ಎನ್ನುತ್ತಾಳೆ. ಆಗ ಔಷಧದ ಬೀರುವಿನ ಬೀಗದ ಕೈ ಅವಳ ಅಂಗೈಗೆ ಬೀಳುತ್ತದೆ. ಮೇಜಿನ ಮೇಲಲ್ಲ, ಅಂಗೈಗೆ. ಆ "ನಂದು" ಕಿವಿಗೆ ಬೀಳುವ ತನಕ ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹೊರಡುವಂತಿಲ್ಲ.

ಈ ರೋಗ ಆಸ್ಪತ್ರೆಯಿಂದ ಮನೆಗೂ ಅಂಟಿತು. ಅಜ್ಜಿ ಅಂಗಡಿಗೆ ಹೊರಟರೆ ಸಾಕು, ನಮ್ಮಮ್ಮನನ್ನು ಒಲೆಯ ಮುಂದೆ ತಂದು ನಿಲ್ಲಿಸುತ್ತಿದ್ದಳು.

"ಹಾಲು ಸಣ್ಣ ಉರೀಲಿದೆ, ಉಕ್ಕೋಕೆ ಹೊಂಚು ಹಾಕ್ತಿದೆ. ಪುಟ್ಟಿಗೆ ಮೂಗು ಸೋರ್ತಿದೆ, ಬಾಗಿಲಾಚೆ ಬಿಡಬೇಡ. ನಿನ್ನ ಗಂಡ ಎದ್ದಿದಾನೆ, ಆದ್ರೆ ಇನ್ನೂ ಎಚ್ಚರ ಆಗಿಲ್ಲ. ನಿಂದಾ?"

"ನಂದು ಕಣಮ್ಮ. ಹಾಲೂ ನಂದು, ಮಗೂನೂ ನಂದು, ಗಂಡನೂ ನಂದೇ. ಹೋಗು ಇನ್ನು."

ಒಮ್ಮೆ ಅಪ್ಪ ಯಾರಿಗೂ ಹೇಳದೆ ಸಿನಿಮಾಕ್ಕೆ ಹೋಗಿ ಬಂದ. ಅಜ್ಜಿ ಬಾಗಿಲ ಚಿಲಕ ತೆಗೆಯಲಿಲ್ಲ. "ವಾರ್ಡ್ ಬಿಟ್ಟು ಓಡಿಹೋದೋರಿಗೆ ಇಲ್ಲಿ ಊಟ ಇಲ್ಲ" ಎಂದು ಒಳಗಿನಿಂದಲೇ ಕೂಗಿದಳು. ಅಪ್ಪ ಕಿಟಕಿಯಲ್ಲಿ ಮುಖವಿಟ್ಟು, "ಅತ್ತೆ, ಸಿನಿಮಾನೂ ಚೆನ್ನಾಗಿರಲಿಲ್ಲ, ಅದೇ ಶಿಕ್ಷೆ ಸಾಕು" ಎಂದು ಗೋಗರೆದ ಮೇಲೆ ಚಿಲಕ ಸರಿಯಿತು.

ಇಂಥವಳ ಮೇಲೆ ಊರು ಹೊರಿಸಿದ ತಪ್ಪು ಯಾವುದು ಗೊತ್ತೆ? ಚಾರ್ಜ್ ಕೊಡದೆ ವಾರ್ಡ್ ಬಿಟ್ಟು ಹೋದಳು, ಅದರಿಂದ ಒಬ್ಬ ರೋಗಿ ಸತ್ತ ಎಂಬುದು.

ಬೀದಿಗೆಲ್ಲ ಅವಳು ಸಿಸ್ಟರಜ್ಜಿ. ಜ್ವರ ಬಂದರೂ ಸಿಸ್ಟರಜ್ಜಿ, ಗಂಡ ಹೆಂಡಿರ ಜಗಳದಲ್ಲಿ ತಲೆ ಒಡೆದರೂ ಸಿಸ್ಟರಜ್ಜಿ. ಮಕ್ಕಳಿಗೆ ಇಂಜೆಕ್ಷನ್ ಕೊಡುವ ಮುಂಚೆ ಎಲ್ಲರ ಹಾಗೆ "ನೋವಾಗಲ್ಲ" ಎಂದು ಸುಳ್ಳು ಹೇಳುತ್ತಿರಲಿಲ್ಲ. "ನೋವಾಗುತ್ತೆ ಕಣೋ. ನೀನು ನನ್ನ ಬೈಯಿ. ಎಷ್ಟು ಕೆಟ್ಟ ಮಾತು ಬರುತ್ತೋ ಅಷ್ಟೂ ಬೈಯಿ, ನಿಮ್ಮಮ್ಮ ಏನೂ ಅನ್ನಲ್ಲ" ಎನ್ನುತ್ತಿದ್ದಳು. ಮಗು ಬೈಗುಳ ಹುಡುಕಿಕೊಳ್ಳುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತಿತ್ತು. ನಮ್ಮ ಬೀದಿಯ ಕ್ಷೌರದಂಗಡಿಯವನು ಈಗಲೂ ಹೇಳುತ್ತಾನೆ: "ನನಗೆ ಬರೋ ಬೈಗುಳದಲ್ಲಿ ಅರ್ಧ ನಿಮ್ಮಜ್ಜಿ ಸೂಜಿ ಹೇಳಿಕೊಟ್ಟಿದ್ದು."

ಅವಳು ಸತ್ತಾಗ ಮನೆ ತುಂಬ ಜನ ಬಂದರು. ಬಂದವರೆಲ್ಲ "ಕ್ಷಮೆಯ ಮೂರ್ತಿ, ಭೂಮಿತೂಕದ ಹೆಂಗಸು" ಎಂದು ಕಣ್ಣೊರೆಸಿಕೊಂಡರು. ಭೂಮಿತೂಕ ಎನ್ನುವುದನ್ನು ಒಪ್ಪುತ್ತೇನೆ. ಕ್ಷಮೆ ಎನ್ನುವುದು ಹಸಿ ಸುಳ್ಳು. ನಮ್ಮಜ್ಜಿ ಯಾರನ್ನೂ ಕ್ಷಮಿಸಿದವಳಲ್ಲ. ಅದರಲ್ಲೂ ಒಬ್ಬಳನ್ನಂತೂ ಬೂದಿ ಮುಚ್ಚಿದ ಕೆಂಡದ ಹಾಗೆ ಹೊಟ್ಟೆಯಲ್ಲಿಟ್ಟುಕೊಂಡು, ದಿನಾ ಒಂದು ಸಲ ಊದಿ ನೋಡುತ್ತಿದ್ದಳು. ಪೇಟೆಯಲ್ಲಿ ಆಕೆ ಎದುರಾದರೆ ನನ್ನ ಕೈ ಹಿಂಡಿ, ಎಲ್ಲರಿಗೂ ಕೇಳುವ ಹಾಗೆ, "ಪುಟ್ಟೀ, ಅಲ್ಲಿ ನೋಡು. ಬಟ್ಟೆ ಹೋಗ್ತಿದೆ, ಒಳಗೆ ಯಾರೂ ಇಲ್ಲ" ಎನ್ನುತ್ತಿದ್ದಳು.

ಆಕೆಯೇ ಇಸ್ತ್ರಿ ಮೇಡಂ. ಮೈಮೇಲಿನ ಬಟ್ಟೆಯಲ್ಲಿ ಒಂದು ಸುಕ್ಕು ಕಂಡವರಿಲ್ಲ ಎಂದು ಆಸ್ಪತ್ರೆಯವರು ಇಟ್ಟ ಹೆಸರು. ನಮ್ಮಜ್ಜಿಯೂ ಆಕೆಯೂ ಒಟ್ಟಿಗೆ ನರ್ಸಿಂಗ್ ಕಲಿತವರು, ಒಂದೇ ಕೋಣೆಯಲ್ಲಿ ಮಲಗಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಆಕೆ ಅಜ್ಜಿಯನ್ನು "ಅಕ್ಕಾ" ಎಂದೇ ಕರೆಯುತ್ತಿದ್ದಳು.

ಆಗ ನಮ್ಮಮ್ಮ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಜ್ಜಿಗೆ ಗಂಡಸರ ವಾರ್ಡಿನಲ್ಲಿ ರಾತ್ರಿ ಪಾಳಿ. ಹಿಂದಿನ ಸಂಜೆ ಒಬ್ಬ ಗಡಿಯಾರ ರಿಪೇರಿಯ ಮುದುಕ ಆಪರೇಷನ್ ಮುಗಿಸಿಕೊಂಡು ಕಿಟಕಿ ಪಕ್ಕದ ಹಾಸಿಗೆಗೆ ಬಂದಿದ್ದ. ಬೆಳಗ್ಗೆ ಇಸ್ತ್ರಿ ಮೇಡಂ ಬಂದಳು. ಅಜ್ಜಿ ಹಾಸಿಗೆ ಹಾಸಿಗೆಗೂ ನಿಂತು ಚಾರ್ಜ್ ಕೊಟ್ಟಳು. "ನಿಂದಾ?" ಎಂದಳು. ಆಕೆ "ನಂದು, ಹೋಗಕ್ಕಾ, ಮಗು ಕಾಯ್ತಿರುತ್ತೆ" ಎಂದು ಬೀಗದ ಕೈ ಇಸಿದುಕೊಂಡಳು. ಅಜ್ಜಿ ಮನೆಗೆ ಬಂದು ಅಮ್ಮನ ಜಡೆ ಹೆಣೆಯುತ್ತ ಕೂತಿರುವಾಗ ಆಸ್ಪತ್ರೆಯಿಂದ ಜನ ಬಂತು. ಮುದುಕ ಮಂಚದಿಂದಿಳಿಯಲು ಹೋಗಿ ಬಿದ್ದು ತಲೆ ಒಡೆದುಕೊಂಡಿದ್ದ. ಮತ್ತೆ ಅವನಿಗೆ ಮಾತು ಬರಲಿಲ್ಲ, ಪ್ರಾಣವೂ ಉಳಿಯಲಿಲ್ಲ. ಅವನು ಬಿದ್ದಾಗ ವಾರ್ಡಿನಲ್ಲಿ ಒಬ್ಬ ನರ್ಸೂ ಇರಲಿಲ್ಲ.

ವಿಚಾರಣೆಯಾಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಇಸ್ತ್ರಿ ಮೇಡಂ ಹೇಳಿದ್ದು ಇಷ್ಟು: "ನಾನು ಬಂದಾಗ ವಾರ್ಡು ಖಾಲಿ. ಬೀಗದ ಕೈ ಮೇಜಿನ ಮೇಲಿತ್ತು. ಅಜ್ಜ ಆಗಲೇ ನೆಲದ ಮೇಲಿದ್ದ. ಅಕ್ಕ ಚಾರ್ಜ್ ಕೊಡದೆ ಹೋಗಿಬಿಟ್ಟಿದ್ರು."

ಅಜ್ಜಿಯನ್ನು ಒಳಗೆ ಕರೆದವರು ಕೇಳಿದ್ದು ಒಂದೇ ಪ್ರಶ್ನೆ: ನೀವು ಚಾರ್ಜ್ ಕೊಟ್ಟಿದ್ದನ್ನು ನೋಡಿದವರು ಯಾರಾದರೂ ಇದ್ದಾರೆಯೆ? ರೋಗಿಗಳು ನಿದ್ದೆಯಲ್ಲಿದ್ದರು. ಕಸ ಗುಡಿಸುವವಳು ನೀರಿಗೆ ಹೋಗಿದ್ದಳು. ಅಜ್ಜಿ ಇನ್ನೇನೋ ಹೇಳಲು ಬಾಯಿ ತೆರೆದರೆ, "ಹೌದೋ ಇಲ್ಲವೋ ಅಷ್ಟು ಹೇಳಿ" ಎಂದರು. ಇಲ್ಲ ಎಂದಳು. ಅಲ್ಲಿಗೆ ಕಥೆ ಮುಗಿಯಿತು.

ಕೆಲಸದಿಂದ ತೆಗೆಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ರೋಗಿಗಳನ್ನು ಮುಟ್ಟಬಾರದೆಂದು ಅವಳನ್ನು ಬಟ್ಟೆ ಕೋಣೆಗೆ ಹಾಕಿದರು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಪರದೆ ಇವುಗಳನ್ನು ಮಡಿಸಿ ಕೊಡುವ ಕೋಣೆ. ನಾನು ಬೆಳೆದದ್ದು ಅಲ್ಲೇ, ಒಗೆದ ಬಟ್ಟೆಯ ಬೆಟ್ಟದ ಮೇಲೆ ಉರುಳಿಕೊಂಡು. ಹರಿದ ಹೊದಿಕೆಗೆ ತೇಪೆ ಹಾಕುತ್ತ ಹಾಕುತ್ತ ಸೂಜಿ ಹಿಡಿಯುವುದನ್ನು ಕಲಿತೆ. ಇವತ್ತು ನನಗೊಂದು ಹೊಲಿಗೆ ಅಂಗಡಿ ಇದ್ದರೆ ಅದು ಆ ಕೋಣೆಯ ಕೃಪೆ. ಅಜ್ಜಿ ಅಲ್ಲಿ ಕೂತು ಗೋಡೆಯಾಚೆಯ ಕೆಮ್ಮು ಕೇಳಿಸಿಕೊಳ್ಳುತ್ತಿದ್ದಳು. "ಅವನಿಗೆ ಕಫ ಕಟ್ಟಿದೆ, ಕೂರಿಸಿ ಬೆನ್ನು ತಟ್ಟಬೇಕು, ಯಾರೂ ತಟ್ತಿಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಕೈಯಲ್ಲಿದ್ದ ದಿಂಬನ್ನು ತಟ್ಟುತ್ತಿದ್ದಳು.

ಆ ಕಡೆ ಇಸ್ತ್ರಿ ಮೇಡಂ ವಾರ್ಡಿನ ಮುಖ್ಯಸ್ಥೆಯಾದಳು, ಆಮೇಲೆ ಇಡೀ ಆಸ್ಪತ್ರೆಗೆ ಮೇಟ್ರನ್ ಆದಳು. ಅಜ್ಜಿ ನಿವೃತ್ತಿಯಾದ ದಿನ ಬಟ್ಟೆ ಕೋಣೆಯ ಚಾರ್ಜ್ ತೆಗೆದುಕೊಳ್ಳಲು ಯಾರನ್ನೂ ಕಳಿಸಲಿಲ್ಲ. "ಬೀಗದ ಕೈ ಮೇಜಿನ ಮೇಲಿಟ್ಟು ಹೋಗಲಿ" ಎಂದು ಹೇಳಿ ಕಳಿಸಿದಳು. ಬೇಕೆಂದೇ ಹೇಳಿ ಕಳಿಸಿದ್ದು.

"ಮೇಜಿಗೆ ಚಾರ್ಜ್ ಕೊಡೋಕೆ ನಾನೇನು ಬಡಗಿಯಾ?" ಎಂದ ಅಜ್ಜಿ ಬೀಗ ಹಾಕಿ, ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದಳು. ಅವರು ಬೀಗ ಒಡೆದು ಹೊಸದು ಹಾಕಿಸಿದರು. ಹಳೆಯ ಬೀಗದ ಕೈ ಸಾಯುವವರೆಗೂ ಅಜ್ಜಿಯ ದಿಂಬಿನಡಿಯಲ್ಲಿತ್ತು.

ಕೊನೆಯ ದಿನಗಳಲ್ಲಿ ಜ್ವರ ತಲೆಗೇರಿತು. ಅಜ್ಜಿ ಮತ್ತೆ ಆ ವಾರ್ಡಿಗೆ ಹೋಗಿಬಿಟ್ಟಳು. ಮಲಗಿದಲ್ಲೇ ಆ ಬೆಳಗಿನ ಚಾರ್ಜನ್ನು ಮೊದಲಿಂದ ಕೊನೆವರೆಗೆ ಹೇಳುವಳು, ಮುಗಿಸುವಳು, ಮತ್ತೆ ಮೊದಲಿನಿಂದ ಶುರು. ಬಾಗಿಲ ಹಾಸಿಗೆ, ಕಂಬದ ಹಾಸಿಗೆ, ಕಿಟಕಿ ಹಾಸಿಗೆ. ಕಿಟಕಿ ಹಾಸಿಗೆಯ ಮುದುಕ ರಾತ್ರಿ ಏನು ಬಡಬಡಿಸಿದ, ಅವನನ್ನು ಹೇಗೆ ಮಲಗಿಸಬೇಕು ಎಂಬುದನ್ನು ನಾನು ಕೇಳಿದ್ದು ಆಗಲೇ, ಮೊದಲ ಸಲ. ಅಷ್ಟು ವರ್ಷ ಅವಳು ಅದನ್ನು ಅಮ್ಮನಿಗೂ ಹೇಳಿರಲಿಲ್ಲ. ಬೈಗುಳವಾದರೆ ಬೀದಿಗೆಲ್ಲ ಹಂಚುತ್ತಿದ್ದಳು. ರೋಗಿಯ ಮಾತು ಮಾತ್ರ ವಾರ್ಡಿನ ಹೊಸಿಲು ದಾಟಬಾರದು ಎನ್ನುವುದು ಅವಳ ಹಟ.

"ಅವಳು ಬಂದ್ಲಾ ಪುಟ್ಟೀ?"

"ಯಾರಜ್ಜಿ?"

"ಬೆಳಗಿನ ಪಾಳಿಯವಳು. ಅವಳು ಬಂದು ನಂದು ಅನ್ನದೆ ನಾನು ಹೆಂಗೆ ಹೋಗ್ಲಿ?"

ಅಮ್ಮ ಮನಸ್ಸು ತಡೆಯದೆ ಅವಳ ಕೈ ಹಿಡಿದು, "ನಾನು ಬಂದಿದೀನಲ್ಲಮ್ಮ. ನಂದು. ಎಲ್ಲಾ ನಂದು. ನೀನು ನಿಶ್ಚಿಂತೆಯಾಗಿ ಹೋಗು" ಎಂದಳು.

ಅಜ್ಜಿ ಅಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನೀನು ಯಾವ ಬ್ಯಾಚು?" ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಗೇ ಕಾಯುತ್ತ ಕಾಯುತ್ತ ಹೋದಳು. ಬಿಗಿದ ಮುಷ್ಟಿಯೊಳಗೆ ಬಟ್ಟೆ ಕೋಣೆಯ ಬೀಗದ ಕೈ. ಒಂದೊಂದೇ ಬೆರಳನ್ನು ಬಿಡಿಸಿ ಅದನ್ನು ತೆಗೆದವಳು ನಾನು. ಆವಾಗಲೇ ತೀರ್ಮಾನಿಸಿದೆ: ಈ ಬೀಗದ ಕೈ ಹೋಗಬೇಕಾದ ಅಂಗೈಗೇ ಹೋಗಬೇಕು. ಸುಳ್ಳು ಹೇಳಿದ ಬಾಯಿ, ಅದನ್ನು ನಂಬಿದವರ ಮುಂದೆಯೇ, "ನಂದು" ಎನ್ನಬೇಕು. ನನಗೆ ಬೇರೆ ಏನೂ ಬೇಕಿರಲಿಲ್ಲ.

ದಾರಿ ತೋರಿಸಿದವಳು ಗಂಟೆ ಸಿಸ್ಟರ್. ಅಜ್ಜಿಯ ಜೊತೆ ಕೆಲಸ ಮಾಡಿದವಳು. ದನಿ ಗಂಟೆಯ ಹಾಗೆ, ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳಿಸುತ್ತದೆ. ಅಜ್ಜಿ ಹೋಗಿ ಕೆಲವು ದಿನವಾದ ಮೇಲೆ ನನ್ನ ಅಂಗಡಿಗೆ ಬಂದು, ಹೊಲಿಯುವ ಬಟ್ಟೆ ಸರಿಸಿ ಸ್ಟೂಲಿನ ಮೇಲೆ ಕೂತಳು.

"ಲೇ ಹುಡುಗಿ, ನಿಮ್ಮಜ್ಜಿಗೆ ಕೊನೆ ಚಾರ್ಜ್ ಇಟ್ಕೊಂಡಿದೀವಿ. ಮುಂದಿನ ಭಾನುವಾರ, ಹಳೇ ಹಾಸ್ಟೆಲ್ಲಿನ ಊಟದ ಮನೇಲಿ. ಮನೆ ಕಡೆಯಿಂದ ಚಾರ್ಜ್ ಕೊಡೋಳು ನೀನು. ಅಮ್ಮ ಬೇಡ, ಅವಳು ಅಳ್ತಾಳೆ."

ಇದು ಆ ಆಸ್ಪತ್ರೆಯ ನರ್ಸುಗಳಲ್ಲಿ ಬಹಳ ಹಿಂದಿನಿಂದ ಬಂದ ಪದ್ಧತಿ. ಒಬ್ಬ ನರ್ಸ್ ತೀರಿಕೊಂಡರೆ ಹಳಬರೆಲ್ಲ ಸೇರುತ್ತಾರೆ. ಅವಳ ಮನೆಯವರೊಬ್ಬರು ಎದ್ದು ನಿಂತು, ವಾರ್ಡಿನಲ್ಲಿ ಕೊಟ್ಟ ಹಾಗೇ, ಅವಳು ಬಿಟ್ಟುಹೋದದ್ದರ ಚಾರ್ಜ್ ಕೊಡುತ್ತಾರೆ. "ಹಿತ್ತಲ ಗಿಡಕ್ಕೆ ದಿನಾ ನೀರು. ಬೆಕ್ಕು ಮೀನಿಲ್ಲದೆ ಮುಟ್ಟಲ್ಲ. ಮೊಮ್ಮಗನಿಗೆ ಕತ್ತಲು ಕಂಡ್ರೆ ಭಯ." ಇಂಥವು. ಅವರಲ್ಲಿ ಹಿರಿಯಳು ಪ್ರತಿಯೊಂದಕ್ಕೂ "ಹ್ಞೂಂ, ಮುಂದೆ" ಎನ್ನುತ್ತಾಳೆ, ಕೊನೆಗೆ "ನಂದು" ಎಂದು ಒಪ್ಪಿಸಿಕೊಳ್ಳುತ್ತಾಳೆ. ಸತ್ತವಳು ಅಲ್ಲಿಗೆ ಪಾಳಿ ಮುಗಿಸಿ ಹೊರಟಂತೆ.

"ತಗೊಳ್ಳೋದು ಯಾರು ದೊಡ್ಡಮ್ಮ?"

ಗಂಟೆ ಸಿಸ್ಟರ್ ಬಾಗಿಲ ಕಡೆ ನೋಡಿದಳು. "ಹಿರಿಯಳು ಅಂದ್ರೆ ಅವಳೇ ಅಲ್ವಾ. ಇಸ್ತ್ರಿ. ಬೇಡ ಅಂತ ನಾನೂ ಹೇಳ್ದೆ. ಪದ್ಧತಿ ಮುರಿಯೋಕಾಗಲ್ಲ ಅಂದ್ರು."

"ಬೇಡ ಅನ್ಬೇಡಿ. ಅವರೇ ತಗೊಳ್ಲಿ."

ನನ್ನ ದನಿಯಲ್ಲಿ ಏನು ಕೇಳಿಸಿತೋ, ಆಕೆ ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡಳು.

"ನೋಡೇ, ಜಗಳ ಗಿಗಳ ಆಡಬೇಡ. ನಿನಗಿಂತ ದೊಡ್ಡ ಬಾಯಿ ನಂದು, ನನ್ನ ಕೈಲೇ ಆಗಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಪೈಕಿ ಅಲ್ಲ ಅವಳು. ಹೆಗಲಿಗೂ ಇಸ್ತ್ರಿ ಹಾಕಿಸಿರ್ತಾಳೆ."

"ಚಾರ್ಜ್ ತಗೊಳ್ಳೋದ್ರಲ್ಲಿ ಹೆಂಗೆ ಅವರು?"

"ಅದ್ರಲ್ಲಿ ಬೆರಳು ತೋರಿಸಂಗಿಲ್ಲ. ಆವತ್ತಿಂದಾಚೆಗಂತೂ ಹುಚ್ಚೇ ಹಿಡೀತು. ಮೇಟ್ರನ್ ಆದ್ಮೇಲೂ ಬೆಳಗ್ಗೆ ಬಂದು ಹಿಂದೆ ನಿಲ್ಲೋಳು. ಯಾವಳಾದ್ರೂ ಚಾರ್ಜಲ್ಲಿ ಒಂದು ಅಕ್ಷರ ತಪ್ಪಿದ್ರೆ ಸಾಕು, ಬಾಯಿ ಮುಚ್ಕೊಂಡಿರೋಕೆ ಅವಳ ಕೈಲಾಗ್ತಿರಲಿಲ್ಲ. ಬಲಗಾಲು ಅಂದ್ರೆ ಎಡಗಾಲು ಅನ್ನೋಳು. ಈಗಲೂ ಅಷ್ಟೇ, ಮದುವೆ ಮನೇಲಿ ಯಾರಾದ್ರೂ ಕಾಯಿಲೆ ಕಥೆ ತಪ್ಪಾಗಿ ಹೇಳಿದ್ರೆ ತಿದ್ದುತಾಳೆ."

ಯಂತ್ರದ ಮೇಲಿದ್ದ ನನ್ನ ಕಾಲು ಸುಮ್ಮನಾಯಿತು. ದಾರ ಸೂಜಿಗೆ ತಾನಾಗಿ ಪೋಣಿಸಿಕೊಂಡ ಹಾಗಾಯಿತು. ಆದರೆ ಗಂಟೆ ಸಿಸ್ಟರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಭಾನುವಾರದೊಳಗೆ ಇಡೀ ಊರು ಕೇಳಿಸಿಕೊಳ್ಳುತ್ತಿತ್ತು.

ಅಮ್ಮನಿಗೆ ಮಾತ್ರ ಅನುಮಾನ. ಭಾನುವಾರ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ನೀನು ಏನೋ ಮಾಡೋಕೆ ಹೊರಟಿದೀಯ. ನಿನ್ನ ಮೂಗು ನಿಮ್ಮಜ್ಜಿ ಮೂಗಿನ ಹಾಗೆ ಅರಳಿದೆ. ಸತ್ತೋರು ಸತ್ರು, ಬಿಟ್ಟಾಕೇ" ಎಂದಳು.

"ಅಜ್ಜಿ ಬಿಟ್ಟಾಕಿದ್ಲಾ?"

ಅಮ್ಮ ಬಾಗಿಲು ಹಾಕಿದಳು. ಬೀಗ ಜಗ್ಗಿ ನೋಡಿ ನನ್ನ ಜೊತೆ ನಡೆದಳು.

ಊಟದ ಮನೆಯಲ್ಲಿ ಉದ್ದನೆಯ ಮೇಜುಗಳನ್ನು ಗೋಡೆಗೆ ಸರಿಸಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮುಂದೊಂದು ಸಣ್ಣ ಮೇಜು, ಅದರ ಮೇಲೆ ಅಜ್ಜಿಯ ಫೋಟೊ, ಒಂದು ಲೋಟದಲ್ಲಿ ಹೂವು. ಹಳೆಯ ನರ್ಸುಗಳೆಲ್ಲ ಬಂದಿದ್ದರು. ಮಂಡಿ ನೋವು, ಸೊಸೆ, ಪಿಂಚಣಿ ಎಂದು ಗಲಗಲ ಮಾತು. ಇವರಲ್ಲಿ ಎಷ್ಟೋ ಜನ ಬಟ್ಟೆ ಕೋಣೆಯ ಕಿಟಕಿಯಲ್ಲಿ ಕೈ ಚಾಚಿ, ಅಜ್ಜಿಯ ಮುಖ ನೋಡದೆ ಹೊದಿಕೆ ತೆಗೆದುಕೊಂಡು ಹೋದವರು. ನಾನು ಒಬ್ಬೊಬ್ಬರನ್ನೂ ಗುರುತು ಹಿಡಿದೆ. ಬಟ್ಟೆಯ ಬೆಟ್ಟದ ಮೇಲೆ ಕೂತ ಮಗುವಿಗೆ ಎಲ್ಲ ಕಾಣುತ್ತಿರುತ್ತದೆ.

ಇಸ್ತ್ರಿ ಮೇಡಂ ಬಂದಳು. ಕೂದಲು ಪೂರ್ತಿ ಬಿಳಿ, ಬೆನ್ನು ಮಾತ್ರ ಗೆರೆ ಎಳೆದ ಹಾಗೆ ನೇರ. ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ಎಲ್ಲರೂ ಎದ್ದು ನಿಂತರು. ಆಕೆ ಫೋಟೊದ ಮುಂದೆ ಹೂವಿಟ್ಟು ಮಾತಿಗೆ ನಿಂತಳು.

"ಅಕ್ಕ ನನಗಿಂತ ಒಳ್ಳೆ ನರ್ಸ್. ನಾನೇ ಹೇಳ್ತೀನಿ. ತಪ್ಪು ಯಾರಿಂದ ಆಗಲ್ಲ? ಅವರಿಂದ ಒಂದು ತಪ್ಪಾಯ್ತು. ಒಂದೇ ಒಂದು. ಅದನ್ನ ನಾವೆಲ್ಲ ಎಂದೋ ಮರೆತು, ಎಂದೋ ಕ್ಷಮಿಸಿದೀವಿ."

ನನ್ನ ಪಕ್ಕದಲ್ಲಿ ಅಮ್ಮ ಕೂತಿದ್ದಳು. ಅವಳ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂದು ಒಮ್ಮೆ ಹಿಂಡಿತು. ಪೇಟೆಯಲ್ಲಿ ಅಜ್ಜಿ ಹಿಂಡುತ್ತಿದ್ದ ಹಾಗೇ. ಆಮೇಲೆ ಮೆಲ್ಲಗೆ ಹೇಳಿದಳು: "ಹೋಗು. ಮಾಡು."

ನಾನು ಎದ್ದು ಮುಂದೆ ಹೋದೆ. ಇಸ್ತ್ರಿ ಮೇಡಂ ನನ್ನೆದುರು, ಕೈಗಳನ್ನು ಹಿಂದೆ ಕಟ್ಟಿಕೊಂಡು, ವಾರ್ಡಿನಲ್ಲಿ ನಿಂತ ಹಾಗೆ ನಿಂತಳು. ಎಲ್ಲರೂ ಗಿಡದ ವಿಷಯವೋ ಬೆಕ್ಕಿನ ವಿಷಯವೋ ಬರುತ್ತದೆ ಎಂದು ಕಾದರು.

"ಬಾಗಿಲ ಹಾಸಿಗೆ" ಎಂದೆ. "ಲಾರಿ ಡ್ರೈವರು. ಕಾಲು ಮುರಿದಿದೆ. ರಾತ್ರಿ ಜ್ವರ ಇಳಿದಿದೆ, ಹೆಂಡತಿ ಹೊರಗೆ ಕಾಯ್ತಿದಾಳೆ, ಹೇಳಿ ಕಳಿಸಬೇಕು."

"ಹ್ಞೂಂ, ಮುಂದೆ." ಮಾತು ತಾನಾಗಿ ಬಂತು. ಎಷ್ಟು ಸಾವಿರ ಬೆಳಗು ಆಡಿದ ಮಾತೋ ಏನೋ. ಹಿಂದೆ ಯಾರೋ "ಇದೇನು, ವಾರ್ಡಿನ ಚಾರ್ಜ್ ಕೊಡ್ತಿದಾಳೆ" ಎಂದು ಪಿಸುಗುಟ್ಟಿದರು. ಇನ್ನೊಬ್ಬರು "ಚೆನ್ನಾಗಿದೆ ಬಿಡೇ, ಹಳೇ ಕಾಲದ ನೆನಪು" ಎಂದರು.

"ಕಂಬದ ಹಾಸಿಗೆ. ಅಡುಗೆಯವನು, ಕೈ ಸುಟ್ಟಿದೆ. ಬ್ಯಾಂಡೇಜ್ ಒಣಗಿ ಅಂಟಿದೆ. ನೆನೆಸಿ ಬಿಚ್ಚಬೇಕು, ಎಳೀಬಾರದು."

ಆಕೆಯ ಕಣ್ಣು ಒಮ್ಮೆ ಕಿರಿದಾಯಿತು. ಯಾವ ಬೆಳಗಿನದೆಂದು ಗೊತ್ತಾಯಿತು, ನಾನು ಕಂಡೆ. ಇಷ್ಟು ಜನರೆದುರು ಚಾರ್ಜನ್ನು ಅರ್ಧಕ್ಕೆ ನಿಲ್ಲಿಸುವುದೆಂದರೆ, ಅದು ಆಕೆಯ ಜಾಯಮಾನದಲ್ಲಿಲ್ಲ.

"ಹ್ಞೂಂ. ಮುಂದೆ."

"ಕಿಟಕಿ ಹಾಸಿಗೆ. ಗಡಿಯಾರ ರಿಪೇರಿ ಅಜ್ಜ. ನಿನ್ನೆ ಸಂಜೆ ಆಪರೇಷನ್. ಎಚ್ಚರ ಆದಾಗಿಂದ ತಲೆ ನೆಟ್ಟಗಿಲ್ಲ. ಟ್ರೇನ್ ತಪ್ಪಿಹೋಗುತ್ತೆ, ಟ್ರೇನ್ ತಪ್ಪಿಹೋಗುತ್ತೆ ಅಂತ ಮಂಚ ಇಳಿಯೋಕೆ ನೋಡ್ತಾನೆ. ಕಟ್ಟಬಾರದು, ಗದರಬಾರದು. ಟ್ರೇನ್ ಇನ್ನೂ ಬಂದಿಲ್ಲ ಅಜ್ಜಾ ಅಂದ್ರೆ—"

"ಟ್ರೇನಲ್ಲ, ಬಸ್ಸು" ಎಂದಳು ಇಸ್ತ್ರಿ ಮೇಡಂ. "ಬಸ್ಸು ಇನ್ನೂ ಬಂದಿಲ್ಲ, ಬಂದಾಗ ಎಬ್ಬಿಸ್ತೀನಿ ಅನ್ಬೇಕು. ಎಬ್ಬಿಸ್ತೀನಿ ಅನ್ನದಿದ್ರೆ ಮಲಗಲ್ಲ."

ಹೇಳಿ ಮುಗಿಸಿದ ಮೇಲೆ ಆಕೆಯ ಕಿವಿಗೆ ಆಕೆಯ ಮಾತು ಬಿತ್ತು.

ಊಟದ ಮನೆಯ ಮೂಲೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೊದಲು ಎದ್ದವಳು ಗಂಟೆ ಸಿಸ್ಟರ್. ಜನ್ಮದಲ್ಲಿ ಮೊದಲ ಸಲ ಅವಳ ದನಿ ಸಣ್ಣಗಿತ್ತು.

"ನಿನಗೆ ಹೆಂಗೆ ಗೊತ್ತೇ ಅದು?"

"ವಿಚಾರಣೇಲಿ... ಅಕ್ಕ ವಿಚಾರಣೇಲಿ ಹೇಳಿದ್ರು."

"ಇಲ್ಲ" ಎಂದೆ. "ವಿಚಾರಣೇಲಿ ಅಜ್ಜಿಯನ್ನ ಕೇಳಿದ್ದು ಸಾಕ್ಷಿ ಇದೆಯಾ ಅಂತ ಮಾತ್ರ. ಬಸ್ಸಿನ ಮಾತು ಹೇಳೋಕೆ ಬಿಡಲೇ ಇಲ್ಲ. ಅಜ್ಜಂಗೆ ಎಚ್ಚರ ಆಗಿದ್ದು ಅವತ್ತು ರಾತ್ರಿ, ಆಗ ಅಲ್ಲಿದ್ದಿದ್ದು ಅಜ್ಜಿ ಒಬ್ಬಳೇ. ಬಿದ್ದ ಮೇಲೆ ಅವನು ಮಾತಾಡಲಿಲ್ಲ. ಬೆಳಗ್ಗೆ ನೀವು ಬಂದಾಗ ವಾರ್ಡು ಖಾಲಿ, ಅಜ್ಜ ನೆಲದ ಮೇಲೆ, ಬೀಗದ ಕೈ ಮೇಜಿನ ಮೇಲೆ. ನೀವೇ ಹೇಳಿದ್ದು. ಹಾಗಾದ್ರೆ ಬಸ್ಸು ಅಂತ ನಿಮಗೆ ಯಾರು ಹೇಳಿದ್ರು ಮೇಡಂ? ಮೇಜಾ?"

ಹಿಂದಿನ ಸಾಲಿನಲ್ಲಿ ಒಬ್ಬಾಕೆ, ಬಟ್ಟೆ ಕೋಣೆಯ ಕಿಟಕಿಯಲ್ಲಿ ಎಂದೂ ತಲೆ ಎತ್ತದವಳು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ ಎಂದುಕೊಂಡೆ. ಅವರಿಗೂ ಸ್ವಲ್ಪ ಪಾಲಿರಲಿ.

ಇಸ್ತ್ರಿ ಮೇಡಂ ಕುರ್ಚಿಗಾಗಿ ಹಿಂದಕ್ಕೆ ಕೈ ಚಾಚಿದಳು. ಸಿಗಲಿಲ್ಲ. ಯಾರೂ ಸರಿಸಿ ಕೊಡಲಿಲ್ಲ.

"ಅವತ್ತು ಮೇಲಿನವರು ನೋಡೋಕೆ ಬರ್ತಿದ್ರು" ಎಂದಳು. ನನಗಲ್ಲ, ಫೋಟೊಗೆ. "ನಾನು ಬಂದ ಬಸ್ಸಲ್ಲಿ ನೂಕುನುಗ್ಗಲು, ಬಟ್ಟೆ ಮುದ್ದೆಯಾಗಿತ್ತು. ಅಜ್ಜ ಮಲಗಿದ್ದ. ಇಸ್ತ್ರಿ ಪೆಟ್ಟಿಗೆ ಕಾಯೋಷ್ಟು ಹೊತ್ತು. ಅಷ್ಟೇ ಅಕ್ಕಾ. ಅಷ್ಟೇ ಹೋಗಿದ್ದು."

ನನಗೆ ಆ ಕ್ಷಣ ಕನಿಕರ ಬರಬೇಕಿತ್ತು ಎಂದು ಆಮೇಲೆ ಕೆಲವರು ಹೇಳಿದರು. ವಯಸ್ಸಾದ ಜೀವ, ಕೂರಲು ಒಂದು ಕುರ್ಚಿಯಿಲ್ಲದೆ ನಿಂತಿತ್ತು. ನಿಜ. ಆದರೆ ನನಗೆ ಕಂಡದ್ದು ದಿಂಬು ತಟ್ಟುತ್ತಿದ್ದ ಒಂದು ಕೈ. ಬೆನ್ನಿಗೆ ಬೀಳಬೇಕಾದ ಪೆಟ್ಟು ದಿಂಬಿಗೆ ಬೀಳುತ್ತ ಬೀಳುತ್ತ ಆ ಕೈ ಮುದಿಯಾಯಿತು. ಕನಿಕರ ಬಂದರೂ ನಿಲ್ಲಲು ಜಾಗವಿರಲಿಲ್ಲ.

"ಚಾರ್ಜ್ ಮುಗೀತು ಮೇಡಂ" ಎಂದೆ. "ನಿಮ್ದಾ?"

ಆಕೆಯ ಕಣ್ಣು ಫೋಟೊದ ಮೇಲೇ ಇತ್ತು. ನಾನು ಕದಲಲಿಲ್ಲ. ಪದ್ಧತಿ ಎಲ್ಲರಿಗೂ ಗೊತ್ತು. ಉತ್ತರ ಬರುವ ತನಕ ಕೊಟ್ಟವಳು ಹೋಗುವಂತಿಲ್ಲ. ಹಳೆಯ ನರ್ಸುಗಳು ಒಬ್ಬೊಬ್ಬರಾಗಿ ಎದ್ದು ನಿಂತರು, ಮಂಡಿ ನೋವಿನವರೂ ಕುರ್ಚಿ ಹಿಡಿದುಕೊಂಡು ನಿಂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಆಕೆಗೆ ಒಂದು ದಾರಿ ಸಿಗುತ್ತಿತ್ತೋ ಏನೋ. ಸುಮ್ಮನೆ ಕಾದರು.

"ನಂದು" ಎಂ‌ದಳು ಇಸ್ತ್ರಿ ಮೇಡಂ.

"ಕೇಳಿಸಲಿಲ್ಲ" ಎಂದಿತು ಗಂಟೆ.

"ನಂದು. ವಾರ್ಡು ನಂದಾಗಿತ್ತು."

ನಾನು ಬಟ್ಟೆ ಕೋಣೆಯ ಬೀಗದ ಕೈಯನ್ನು ತೆಗೆದು ಆಕೆಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ. ಅಜ್ಜಿಯ ಬೆರಳು ಬಿಡಿಸಿದ ಹಾಗೇ, ಅಷ್ಟೇ ನಿಧಾನವಾಗಿ. ಆಮೇಲೆ ಅಜ್ಜಿಯ ಫೋಟೊ ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಚಾರ್ಜ್ ಕೊಟ್ಟೋರು ಮನೆಗೆ ಹೋಗ್ತೀವಿ" ಎಂದೆ. "ತಗೊಂಡೋರು ಇರಿ."

ಅಮ್ಮ ಮುಂದೆ, ನಾನು ಹಿಂದೆ. ಬಾಗಿಲಲ್ಲಿ ಅಮ್ಮ ನಿಂತು ನನ್ನ ಕಂಕುಳಲ್ಲಿದ್ದ ಫೋಟೊದ ಗಾಜನ್ನು ಬೆರಳಿಂದ ಒರೆಸಿದಳು. "ಇವಳಿದ್ದಿದ್ರೆ ಏನನ್ನೋಳು?"

"ಮುಂದಿನ ಸಾಲಲ್ಲಿ ಕೂತು, ಇನ್ನೊಂದ್ಸಲ ಹೇಳ್ಸು ಅನ್ನೋಳು."

ಅಮ್ಮ ನಕ್ಕಳು. ಅಜ್ಜಿ ಹೋದಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನು ತಿರುಗಿ ನೋಡಿದೆ. ನೋಡದೆ ಬರುವಷ್ಟು ಒಳ್ಳೆಯವಳು ನಾನಲ್ಲ. ಒಳಗೆ ಕುರ್ಚಿಗಳು ಖಾಲಿಯಾಗುತ್ತಿದ್ದವು. ಇಸ್ತ್ರಿ ಮೇಡಂ ಬೀಗದ ಕೈ ಹಿಡಿದ ಕೈಯನ್ನು ಎದುರು ಬಂದವರ ಕಡೆಗೆಲ್ಲ ಚಾಚುತ್ತಿದ್ದಳು. ಒಬ್ಬೊಬ್ಬರೂ ಕೈಗಳನ್ನು ಹಿಂದೆ ಕಟ್ಟಿಕೊಂಡು ಪಕ್ಕದಿಂದ ಹಾದುಹೋದರು. ಗಂಟೆ ಸಿಸ್ಟರ್ ಕೂಡ. ಕೊನೆಗೆ ಆಕೆ ಫೋಟೊ ಇಲ್ಲದ ಮೇಜಿನ ಹತ್ತಿರ ಹೋಗಿ ಬೀಗದ ಕೈಯನ್ನು ಅದರ ಮೇಲೆ ತಂದಳು. ಇಡಲಾಗಲಿಲ್ಲ. ಮತ್ತೆ ಎತ್ತಿ ಎದೆಗೆ ಒತ್ತಿಕೊಂಡಳು. ಎದೆಯ ಮೇಲಿನ ಸೆರಗಿನಲ್ಲಿ ಮುಷ್ಟಿಯಗಲ ಸುಕ್ಕು ಬಿತ್ತು.